ಹಾಲು ಕರೆದು ಬಂದ ಮೇಲೆ ಇನ್ಸುಲಿನ್

ಅಪ್ಪಯ್ಯನ ದನಗಳನ್ನು ಮಾರಿಸಿದ್ದು ನಾವೇ, ನಾನು ಮತ್ತು ಅಣ್ಣ. ಬೆಂಗಳೂರಲ್ಲಿ ಕೂತು, ವಾಟ್ಸಾಪ್ ಕಾಲ್‌ನಲ್ಲಿ ಮಾತಾಡಿ, ಮೂರೇ ದಿನದಲ್ಲಿ ತೀರ್ಮಾನ ಮಾಡಿದೆವು. ಅಪ್ಪಯ್ಯನಿಗೆ ಲಕ್ವ ಹೊಡೆದು ಆಗ ಎರಡು ತಿಂಗಳಾಗಿತ್ತು. ಬಲಗೈ ಅರ್ಧಂಬರ್ಧ ಬಂದಿತ್ತು. ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ಜೊತೆಗೆ ಇಪ್ಪತ್ತು ವರ್ಷದ ಶುಗರ್ ಬೇರೆ. ಕೊಟ್ಟಿಗೆಯಲ್ಲಿ ಜಾರಿ ಬಿದ್ದರೆ ಎತ್ತುವವರು ಯಾರು ಅಂತ ನಮ್ಮ ವಾದ. ಆ ವಾದ ತಪ್ಪು ಅಂತ ಈಗಲೂ ನಾನು ಹೇಳುವುದಿಲ್ಲ.

ಎರಡು ಜೆರ್ಸಿ ಕ್ರಾಸ್, ಒಂದು ಮಲೆನಾಡು ಗಿಡ್ಡ. ಗಿಡ್ಡದ ಹೆಸರು ತುಂಗೆ. ಕಟುಕರ ಕೈಗೆ ಹೋಗಬಾರದು ಅಂತ ಹೊಳೆಯಾಚೆಯ ಪರಿಚಯದವರಿಗೇ ಕೊಟ್ಟೆವು. ಪಿಕಪ್ ಗಾಡಿ ಅಂಗಳಕ್ಕೆ ಬಂದಾಗ ಅಪ್ಪಯ್ಯ ಜಗಲಿಯಲ್ಲಿ ಕೂತು ಎಡಗೈಯಲ್ಲಿ ವೀಳ್ಯದೆಲೆ ಒರೆಸುತ್ತಿದ್ದರಂತೆ. ತಲೆ ಎತ್ತಲಿಲ್ಲವಂತೆ. ಗಾಡಿ ಗೇಟು ದಾಟಿದ ಮೇಲೆ ನಿಧಾನಕ್ಕೆ ಎದ್ದು, ಗೋಡೆ ಹಿಡಿದುಕೊಂಡು ಹಿಂದೆ ಹೋಗಿ, ಕೊಟ್ಟಿಗೆಯ ಲೈಟ್ ಆರಿಸಿ ಬಂದರಂತೆ. ಅಮ್ಮ ಫೋನಲ್ಲಿ ಇದನ್ನೆಲ್ಲ ಹೇಳಿದಾಗ ನಾನು ಪೆದ್ದನ ಹಾಗೆ, "ಹಗಲು ಹೊತ್ತಲ್ಲಿ ಲೈಟ್ ಯಾಕೆ ಹಾಕಿತ್ತು?" ಅಂತ ಕೇಳಿದೆ.

"ಹಾಕಿರ್ಲಿಲ್ಲ ಮಾರಾಯ" ಅಂದಳು ಅಮ್ಮ.

ಆದರೆ ಅಮ್ಮನಿಗೆ ಒಳಗೊಳಗೇ ನೆಮ್ಮದಿ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಬೆಳಗ್ಗೆ ಆರೂವರೆವರೆಗೆ ಮಲಗಿದೆ ಅಂದಳು. ಹಾಗೆ ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ತಪ್ಪಿತಸ್ಥ ಭಾವವೂ ಇತ್ತು. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಈ ತರಹದ ಬರಹಗಳಲ್ಲಿ ಅಮ್ಮಂದಿರ ಕತೆ ಹೆಚ್ಚಾಗಿ ಬಿಟ್ಟೇ ಹೋಗುತ್ತದೆ.

ಮುಂದಿನ ನಾಲ್ಕು ತಿಂಗಳು ಅಪ್ಪಯ್ಯ ಕೂತರು, ಅಷ್ಟೇ. ಜಗಲಿಯಲ್ಲಿ, ಅದೇ ಬೆತ್ತದ ಕುರ್ಚಿಯಲ್ಲಿ. ಫಿಸಿಯೋಥೆರಪಿಯವರು ಬಲಗೈಯಲ್ಲಿ ಹಿಸುಕಲಿಕ್ಕೆ ಒಂದು ಹಳದಿ ರಬ್ಬರ್ ಚೆಂಡು ಕೊಟ್ಟಿದ್ದರು. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಮೂವತ್ತು ಸಲ. ಚೆಂಡು ಕಿಟಕಿಯ ಕಟ್ಟೆ ಮೇಲೆ ಧೂಳು ಹಿಡಿಯಿತು. "ಎಂತಕ್ಕೆ ಹಿಸುಕೋದು ಅದನ್ನ? ಹಿಸುಕಿದ್ರೆ ಎಂತ ಬರ್ತದೆ?" ಅನ್ನುತ್ತಿದ್ದರು. ಇನ್ಸುಲಿನ್ ಒಂದು ದಿನ ಎಂಟಕ್ಕೆ, ಒಂದು ದಿನ ಹತ್ತೂವರೆಗೆ, ಒಂದು ದಿನ ಮರೆತೇ ಹೋಯಿತು. ಫೋನ್ ಮಾಡಿದರೆ "ಊಟ ಆಯ್ತಾ?", "ಆಯ್ತು", "ಮಳೆ ಉಂಟಾ?", "ಉಂಟು". ಅಲ್ಲಿಗೆ ಮುಗಿಯಿತು. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 9.6 ಬಂತು. ಡಾಕ್ಟರು ನಮ್ಮ ಮೇಲೆ ಬೈದರು. ನಾವು ಅಪ್ಪಯ್ಯನ ಮೇಲೆ ಬೈದೆವು. ಅಪ್ಪಯ್ಯ ಯಾರ ಮೇಲೂ ಬೈಯಲಿಲ್ಲ. ನಮಗೆ ಹೆದರಿಕೆಯಾಗಿದ್ದು ಆಗಲೇ.

ಆಮೇಲೆ ಕಾಳಿ ಬಂತು.

ಅದು ಬಂದದ್ದರಲ್ಲಿ ನಮ್ಮ ಪಾತ್ರ ಏನೂ ಇಲ್ಲ. ಕೆಳಮನೆಯವರು ಮಗಳ ಬಾಣಂತನಕ್ಕೆ ಅಂತ ಗಂಡ ಹೆಂಡತಿ ಇಬ್ಬರೂ ಹೊರಟಿದ್ದರು. ಅವರ ಕಪ್ಪು ಗಿಡ್ಡ ಕರು ಹಾಕಿ ಎರಡು ತಿಂಗಳಾಗಿತ್ತು. ಹದಿನೈದು ದಿನ ನೋಡಿಕೊಳ್ಳಿ ಅಂತ ತಂದು ಕಟ್ಟಿ ಹೋದರು. ಅಮ್ಮ ಬೇಡ ಅನ್ನುವಷ್ಟರಲ್ಲಿ ಅಪ್ಪಯ್ಯ ಕೊಟ್ಟಿಗೆಯ ಲೈಟ್ ಹಾಕಿ ಆಗಿತ್ತು. ಆ ಹದಿನೈದು ದಿನಕ್ಕೆ ಈಗ ಎರಡು ವರ್ಷ. ಕೆಳಮನೆಯವರಿಗೆ ದುಡ್ಡು ಕೊಟ್ಟು ಬಗೆಹರಿಸಿದ್ದೇವೆ.

ಆ ವಾರ ಕಾಕತಾಳೀಯವಾಗಿ ನಾನು ಊರಲ್ಲಿದ್ದೆ. ಮೊದಲ ದಿನದ ಕರಾವು ನೋಡಿದ್ದೇನೆ.

ಮಲೆನಾಡು ಗಿಡ್ಡ ಅಂದರೆ ನೋಡದವರಿಗೆ ಆಡಿಗಿಂತ ಸ್ವಲ್ಪ ದೊಡ್ಡದು ಅನಿಸಬಹುದು. ನಮ್ಮ ಸೊಂಟದಷ್ಟು ಎತ್ತರ. ಹೊತ್ತಿಗೆ ಒಂದೂವರೆ ಲೀಟರ್ ಕೊಟ್ಟರೆ ಹೆಚ್ಚು. ಆದರೆ ಸಿಟ್ಟು ಮಾತ್ರ ಆಳೆತ್ತರದ್ದು. ಅಪ್ಪಯ್ಯ ಯಾವಾಗಲೂ ದನದ ಬಲಮಗ್ಗುಲಲ್ಲಿ ಕೂತು ಎರಡೂ ಕೈಯಲ್ಲಿ ಕರೆಯುವವರು. ಈಗ ಬಲಗೈ ಮಾತು ಕೇಳುವುದಿಲ್ಲ. ಕುಕ್ಕರಗಾಲಲ್ಲಿ ಕೂರಲೂ ಆಗುವುದಿಲ್ಲ. ಹಲಸಿನ ಮರದ ಒಂದು ಗಿಡ್ಡ ಮಣೆ ಹಾಕಿಕೊಂಡು ಕೂತರು. ಕರು ಬಿಟ್ಟರು. ಅದು ಎರಡು ಗುಟುಕು ಕುಡಿದ ಮೇಲೆ ಎಳೆದು ಕಟ್ಟಲು ನನಗೆ ಹೇಳಿದರು. ಬಿಸಿನೀರಲ್ಲಿ ಕೆಚ್ಚಲು ತೊಳೆದರು. ಮೊಲೆಗೆ ಹರಳೆಣ್ಣೆ ಸವರಿದರು. ಇಷ್ಟಕ್ಕೆ ಮೊದಲಿದ್ದಾಗ ಒಂದು ನಿಮಿಷ ಸಾಕಿತ್ತು. ಆವತ್ತು ಐದು ನಿಮಿಷ ಹಿಡಿಯಿತು. ಎಡಗೈಯಲ್ಲಿ ಕರೆಯತೊಡಗಿದರು. ಕಾಳಿ ಒದೆಯಿತು. ಚೊಂಬು ಉರುಳಿತು. ಇನ್ನೊಮ್ಮೆ. ಇನ್ನೊಮ್ಮೆ ಒದೆಯಿತು. ನಾನು "ಬಿಡಿ ಅಪ್ಪಯ್ಯ, ಕರುವೇ ಕುಡೀಲಿ" ಅಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. ಬಲಗೈಯನ್ನು ಎಡಗೈಯಲ್ಲಿ ಎತ್ತಿ, ಒಂದು ಸಾಮಾನು ಇಟ್ಟ ಹಾಗೆ, ಕಾಳಿಯ ತೊಡೆಯ ಮೇಲೆ ಇಟ್ಟರು. ಹಣೆ ಅದರ ಹೊಟ್ಟೆಗೆ ಒರಗಿಸಿದರು. ಏನೋ ಗೊಣಗುತ್ತಾ ಕೂತರು. ಮಂತ್ರ ಏನೂ ಅಲ್ಲ, ಸುಮ್ನೆ "ಹೂಂ... ಹೂಂ... ಆಯ್ತು... ಆಯ್ತಾಯ್ತು" ಅಂತ. ಸ್ವಲ್ಪ ಹೊತ್ತಿಗೆ ಕಾಳಿ ಹಿಂಗಾಲು ಸಡಿಲ ಬಿಟ್ಟಿತು. ಕಿವಿ ಇಳಿಬಿಟ್ಟಿತು. ಸೊರೆ ಬಿಟ್ಟಿತು.

ಸೊರೆ ಬಿಡುವುದು ಅಂದರೆ ಕೆಚ್ಚಲಿಗೆ ಹಾಲು ಇಳಿಯುವುದು. ದನ ಸಾಕಿದವರಿಗೆ ಗೊತ್ತು, ಹಾಲು ಒಳಗಿದ್ದರೆ ಸಾಲದು, ದನ ಅದನ್ನು ಬಿಡಬೇಕು. ಕೆಚ್ಚಲು ಮುಟ್ಟಿದ ಸುದ್ದಿ ನರದ ಮೂಲಕ ಮಿದುಳಿಗೆ ಹೋಗುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಅನ್ನುವ ಹಾರ್ಮೋನ್ ರಕ್ತಕ್ಕೆ ಇಳಿದು ಕೆಚ್ಚಲಿಗೆ ಬರುತ್ತದೆ. ಹೆಚ್ಚು ಕಡಿಮೆ ಒಂದು ನಿಮಿಷದ ಕೆಲಸ. ದನಕ್ಕೆ ಹೆದರಿಕೆಯಾದರೆ ಅಡ್ರಿನಲಿನ್ ಬಂದು ಅದನ್ನು ತಡೆಯುತ್ತದೆ. ಹೊಸಬರು ಕೂತರೆ ಹಾಲು ಬರದಿರುವುದಕ್ಕೆ ಕಾರಣ ಇದೇ. ಕೆಲವು ಕಡೆ ಹೈನುಗಾರರು ಇದೇ ಹಾರ್ಮೋನನ್ನು ಇಂಜೆಕ್ಷನ್ ಆಗಿ ಚುಚ್ಚಿ ಹಾಲು ಕಕ್ಕಿಸುವುದೂ ಉಂಟು. ಅದರ ಬಗ್ಗೆ ಬರೆಯಹೊರಟರೆ ಬೇರೆ ಬರಹವೇ ಆಗುತ್ತದೆ.

ನನಗೆ ಕುತೂಹಲ ಹುಟ್ಟಿದ್ದು ಬೇರೆ ಕಾರಣಕ್ಕೆ. 2015ರಲ್ಲಿ ಜಪಾನಿನ ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾಯಿ ಮತ್ತು ಅದರ ಯಜಮಾನರನ್ನು ಅರ್ಧ ಗಂಟೆ ಒಂದು ಕೋಣೆಯಲ್ಲಿ ಬಿಟ್ಟು, ಮೊದಲೂ ಆಮೇಲೂ ಇಬ್ಬರ ಮೂತ್ರ ಪರೀಕ್ಷೆ ಮಾಡಿದರು. ಯಾವ ಜೋಡಿ ಜಾಸ್ತಿ ಹೊತ್ತು ಒಬ್ಬರ ಕಣ್ಣು ಒಬ್ಬರು ನೋಡಿತೋ ಆ ಜೋಡಿಯಲ್ಲಿ ಆಕ್ಸಿಟೋಸಿನ್ ಏರಿತ್ತು. ನಾಯಿಗೂ ಏರಿತ್ತು, ಮನುಷ್ಯನಿಗೂ ಏರಿತ್ತು. ಮನುಷ್ಯರೇ ಸಾಕಿದ ತೋಳಗಳಲ್ಲಿ ಹಾಗಾಗಲಿಲ್ಲ. ತಾಯಿ ಮತ್ತು ಎಳೆಗೂಸಿನ ನಡುವೆ ಕೆಲಸ ಮಾಡುವ ಹಾರ್ಮೋನೇ ಇದು. ಹಾಗಾದರೆ ಹಣೆ ಒರಗಿಸಿ ಕೂತ ಅಪ್ಪಯ್ಯನ ಮೈಯೊಳಗೂ ಆವತ್ತು ಏನೋ ಸೊರೆ ಬಿಟ್ಟಿತಾ? ಹಾಗೆ ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಅದು ನಾಯಿಗಳ ಅಧ್ಯಯನ. ನಮ್ಮ ಕೊಟ್ಟಿಗೆಯಲ್ಲಿ ಯಾರ ಮೂತ್ರವನ್ನೂ ಯಾರೂ ಪರೀಕ್ಷೆ ಮಾಡಿಲ್ಲ. ಇದ್ದ ಗಂಜಲವೆಲ್ಲ ನೇರ ಗೊಬ್ಬರಗುಂಡಿಗೆ ಹೋಗಿದೆ.

ನಾನು ಕಣ್ಣಾರೆ ಕಂಡದ್ದು ಬೇರೆ ಒಂದು ಬದಲಾವಣೆ. ಅದು ಗಡಿಯಾರಕ್ಕೆ ಸಂಬಂಧಪಟ್ಟದ್ದು.

ಕಾಳಿ ಬೆಳಗ್ಗೆ ಐದಕ್ಕೆ ಕೂಗುತ್ತದೆ. ಐದು ಹತ್ತಕ್ಕೆ ಇನ್ನೊಮ್ಮೆ. ಐದೂಕಾಲಿಗೆ ಕರು ಸೇರಿಕೊಳ್ಳುತ್ತದೆ. ಆಮೇಲೆ ಊರಿಗೆಲ್ಲ ಕೇಳುತ್ತದೆ. ಅಪ್ಪಯ್ಯ ಏಳಲೇಬೇಕು. ಎದ್ದು ಕೊಟ್ಟಿಗೆಗೆ ಹೋಗಿ, ಕರೆದು, ಹಾಲಿನ ಚೊಂಬು ಅಡುಗೆಮನೆಯಲ್ಲಿ ಇಟ್ಟು, ಕೈಕಾಲು ತೊಳೆದು ಬರುವಾಗ ಆರೂವರೆ. ಆಗ ಫ್ರಿಜ್‌ನಿಂದ ಇನ್ಸುಲಿನ್ ತೆಗೆಯುವುದು. ಬೆರಳು ಚುಚ್ಚಿ ಶುಗರ್ ನೋಡಿ, ಕೊಟ್ಟಿಗೆಯ ಬಾಗಿಲ ಹಿಂದೆ ನೇತು ಹಾಕಿದ ಕ್ಯಾಲೆಂಡರಿನಲ್ಲಿ ಬರೆಯುವುದು. ಅದೇ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ. ಒಂದೇ ಚೌಕದಲ್ಲಿ ಮೇಲೆ 'ಕಾ 1½', ಕೆಳಗೆ '142'. ಸಂಜೆ ಐದಕ್ಕೆ ಮತ್ತೆ ಅದೇ ಕ್ರಮ. ಇದನ್ನು ಯಾವ ಡಾಕ್ಟರೂ ಹೇಳಿಕೊಟ್ಟಿಲ್ಲ. ಎರಡು ಕೆಲಸ ಅಕ್ಕಪಕ್ಕ ಕೂತು ತಾವಾಗೇ ಅಂಟಿಕೊಂಡವು. ಮಾತ್ರೆ ತಗೊಳ್ಳಿ ಅಂತ ಅಮ್ಮ ಹೇಳಿದರೆ ಕೇಳದಿರಬಹುದು. ನಾನು ಫೋನ್ ಮಾಡಿದರೆ "ಆಯ್ತು" ಅಂತ ಸುಳ್ಳು ಹೇಳಬಹುದು. ಕೆಚ್ಚಲು ಬಿಗಿದ ದನದ ಹತ್ತಿರ ಸುಳ್ಳು ನಡೆಯುವುದಿಲ್ಲ.

ಇದೇ ಉಪಾಯವನ್ನು ಅಮೆರಿಕದ ಡಾಕ್ಟರುಗಳು ಬೇಕೆಂದೇ ಮಾಡಿ ನೋಡಿದ್ದಾರೆ ಅಂತ ಆಮೇಲೆ ಓದಿದೆ. ಅವರು ಬಳಸಿದ್ದು ಮೀನು. ಟೆಕ್ಸಸ್‌ನಲ್ಲಿ ಟೈಪ್ 1 ಶುಗರ್ ಇರುವ 28 ಮಕ್ಕಳು, ಹತ್ತರಿಂದ ಹದಿನೇಳು ವರ್ಷದವರು. ಮಾತು ಕೇಳದ ವಯಸ್ಸು, ಅಲ್ವಾ. ಅರ್ಧದಷ್ಟು ಮಕ್ಕಳಿಗೆ ಒಂದೊಂದು ಬೆಟ್ಟಾ ಮೀನು ಕೊಟ್ಟರು. ಬೆಳಗ್ಗೆ ಮೀನಿಗೆ ಊಟ ಹಾಕುವಾಗ ನಿನ್ನ ಶುಗರ್ ನೋಡಿಕೊ. ರಾತ್ರಿ ಹಾಕುವಾಗ ಮತ್ತೆ ನೋಡಿಕೊ. ವಾರಕ್ಕೊಮ್ಮೆ ನೀರು ಬದಲಿಸುವಾಗ ಅಪ್ಪ ಅಮ್ಮನ ಜೊತೆ ಕೂತು ವಾರದ ಲೆಕ್ಕ ನೋಡು. ಅಷ್ಟೇ. ಮೂರು ತಿಂಗಳಾದ ಮೇಲೆ ಮೀನು ಸಾಕಿದವರ ಎಚ್‌ಬಿಎ1ಸಿ ಅರ್ಧ ಅಂಶ ಇಳಿದಿತ್ತು, ಸಾಕದವರದ್ದು 0.8 ಏರಿತ್ತು. 2015ರ ಅಧ್ಯಯನ ಅದು. ಚಿಕ್ಕದು, ಒಪ್ಪುತ್ತೇನೆ. 28 ಮಕ್ಕಳಲ್ಲಿ ನಾಲ್ಕು ಜನ ಆ ಕಡೆ ಈ ಕಡೆ ಆದರೂ ಲೆಕ್ಕ ಬದಲಾಗಬಹುದು. ಆದರೂ ಅದನ್ನು ಓದಿದಾಗ ನಮ್ಮ ಕೊಟ್ಟಿಗೆಯ ಕ್ಯಾಲೆಂಡರೇ ಕಣ್ಣಿಗೆ ಬಂತು. ಬೆಟ್ಟಾ ಮೀನನ್ನು ಯಾರೂ ತಬ್ಬಿಕೊಳ್ಳಲಾರರು. ಅದು ಬಾಲ ಅಲ್ಲಾಡಿಸಿಕೊಂಡು ಬಾಗಿಲಿಗೆ ಬರುವುದಿಲ್ಲ. ಹಸಿವಾಗುತ್ತದೆ, ಅಷ್ಟೇ. ಅಷ್ಟು ಸಾಕಾಯಿತು.

ಪ್ರಾಣಿ ಸಾಕಿದರೆ ಆರೋಗ್ಯ ಅಂತ ಮಾತಾಡುವವರೆಲ್ಲ ಪ್ರೀತಿಯ ಬಗ್ಗೆ ಹೇಳುತ್ತಾರೆ. ನಿಮ್ಮನ್ನು ತೂಕ ಹಾಕದ ಪ್ರೀತಿ, ಬೇಷರತ್ ಪ್ರೀತಿ, ಇತ್ಯಾದಿ. ನಾನು ನೋಡಿದ ಮಟ್ಟಿಗೆ ಕಾಳಿ ಷರತ್ತುಗಳ ಮೂಟೆ. ಹಿಂಡಿ ಇಲ್ಲದಿದ್ದರೆ ಹಾಲಿಲ್ಲ. ಅಕ್ಕಚ್ಚು, ಅಂದರೆ ಅಕ್ಕಿ ತೊಳೆದ ನೀರು, ತಣ್ಣಗಿದ್ದರೆ ಮೂಸಿ ಬಿಡುತ್ತದೆ. ಮೂರು ತಿಂಗಳು ಅಪ್ಪಯ್ಯನನ್ನು ಒದ್ದಿದೆ. ಆದರೆ ಲಕ್ವ ಆದ ಮೇಲೆ ಅಪ್ಪಯ್ಯನಿಂದ ಏನನ್ನಾದರೂ ಕೇಳಿದ್ದು ಅದೊಂದೇ. ನಾವೆಲ್ಲ ಅವರಿಗೆ ಕೊಡುತ್ತಿದ್ದೆವು. ಊಟ ಕೊಟ್ಟೆವು, ಮಾತ್ರೆ ಕೊಟ್ಟೆವು, ಚೆಂಡು ಕೊಟ್ಟೆವು, ಉಪದೇಶವನ್ನಂತೂ ಧಾರಾಳವಾಗಿ ಕೊಟ್ಟೆವು.

ಒಮ್ಮೆ ಅವರು ಇನ್ಸುಲಿನ್ ಚುಚ್ಚಿಕೊಳ್ಳುವಾಗ ನಾನು ತಿಳಿದುಕೊಂಡಿದ್ದನ್ನು ಹೇಳಿದೆ. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದಾಗ ಮೊದಲು ಪ್ರಯೋಗ ಮಾಡಿದ್ದು ನಾಯಿಗಳ ಮೇಲೆ. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಸಲ ಚುಚ್ಚಿದ್ದು ದನದ ಮೇದೋಜೀರಕ ಗ್ರಂಥಿಯಿಂದ ತೆಗೆದ ರಸ. ಆಮೇಲೆ ಅರವತ್ತು ವರ್ಷ ಜಗತ್ತಿನ ಶುಗರ್ ರೋಗಿಗಳು ಬದುಕಿದ್ದು ದನ ಮತ್ತು ಹಂದಿಯ ಇನ್ಸುಲಿನ್‌ನಿಂದ. 1982ರಿಂದ ಈಚೆಗೆ ಬ್ಯಾಕ್ಟೀರಿಯಾದ ಕೈಯಲ್ಲಿ ಮಾಡಿಸಿದ ಇನ್ಸುಲಿನ್ ಬಂತು.

ಅಪ್ಪಯ್ಯ ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿದರು. "ಈಗಿಂದು ದನದ್ದಲ್ಲ ಹಾಗಾದ್ರೆ?"

"ಅಲ್ಲ, ಬ್ಯಾಕ್ಟೀರಿಯಾದ್ದು."

"ಅದಕ್ಕೆ ಹಿಂಡಿ ಗಿಂಡಿ ಎಂತ ಬೇಡ್ವಾ?"

ಬೇಕು, ಸಕ್ಕರೆ ನೀರು ಬೇಕು ಅಂದೆ. ಅದೊಂದು ಅವರಿಗೆ ತುಂಬ ಇಷ್ಟವಾಯಿತು. ಊರಿಗೆಲ್ಲ ಹೇಳಿದರು: ನನ್ನ ಶುಗರ್ ಇಳಿಸುವ ಹುಳಕ್ಕೆ ಸಕ್ಕರೆ ಹಾಕಿ ಸಾಕ್ತಾರಂತೆ.

ಆರು ತಿಂಗಳಲ್ಲಿ ಎಚ್‌ಬಿಎ1ಸಿ 7.8ಕ್ಕೆ ಬಂತು. ಕಾಳಿಯಿಂದ ಅಂತ ಅಪ್ಪಯ್ಯ. ಡೋಸ್ ಬದಲಿಸಿದ್ದರಿಂದ ಅಂತ ಡಾಕ್ಟರು. ಎರಡೂ ನಿಜ ಇರಬಹುದು. ಬೇರೆ ಮಾಡಿ ನೋಡುವ ದಾರಿ ನಮಗಂತೂ ಇಲ್ಲ. ವಿಜ್ಞಾನಿಗಳಿಗೇ ಈ ಕಷ್ಟ ಇದೆ. 1980ರಲ್ಲಿ ಎರಿಕಾ ಫ್ರೀಡ್‌ಮನ್ ಅನ್ನುವ ಅಮೆರಿಕದ ಸಂಶೋಧಕಿ ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿ ಮನೆಗೆ ಹೋದ 92 ಜನರನ್ನು ಒಂದು ವರ್ಷ ಗಮನಿಸಿದರು. ಸಾಕುಪ್ರಾಣಿ ಇದ್ದ 53 ಜನರಲ್ಲಿ ಸತ್ತವರು 3. ಇಲ್ಲದ 39 ಜನರಲ್ಲಿ ಸತ್ತವರು 11. ನಾಯಿ ಸಾಕಿದವರು ವಾಕಿಂಗ್ ಹೋಗುತ್ತಾರಲ್ಲ, ಅದಕ್ಕೇ ಇರಬೇಕು ಅಂತ ಅನುಮಾನ ಬಂದು ನಾಯಿಯವರನ್ನು ಬಿಟ್ಟು ಲೆಕ್ಕ ಹಾಕಿದರು. ಆಗಲೂ ವ್ಯತ್ಯಾಸ ಉಳಿಯಿತು. ಈ ವಿಷಯಕ್ಕೆ ಜಗತ್ತಿನ ಗಮನ ತಿರುಗಿಸಿದ್ದು ಈ ಅಧ್ಯಯನ. ಆದರೆ ಮೊದಲೇ ಗಟ್ಟಿ ಇದ್ದವರೇ ಪ್ರಾಣಿ ಸಾಕಿಕೊಂಡಿದ್ದರೆ? ಕಾಯಿಲೆ ಜೋರಾದವರು ಮೊದಲೇ ಪ್ರಾಣಿಯನ್ನು ಬಿಟ್ಟುಕೊಟ್ಟಿದ್ದರೆ? ನಾವು ಅಪ್ಪಯ್ಯನ ದನಗಳನ್ನು ಮಾರಿಸಿದ ಹಾಗೆ? ಆ ಪ್ರಶ್ನೆಗಳು ಇವತ್ತಿಗೂ ಇವೆ. ನಾಯಿ ತಂದುಕೊಂಡರೆ ಹಾರ್ಟ್ ಅಟ್ಯಾಕ್ ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ಬದಿಯನ್ನೂ ಹೇಳಬೇಕು. ಅಮೆರಿಕದಲ್ಲಿ ಬೆಕ್ಕು ನಾಯಿಯಿಂದಾಗಿ ಬಿದ್ದು ವರ್ಷಕ್ಕೆ ಸುಮಾರು 86,000 ಜನ ಎಮರ್ಜೆನ್ಸಿಗೆ ಬರುತ್ತಿದ್ದರು ಅಂತ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ 2009ರಲ್ಲಿ ಲೆಕ್ಕ ಕೊಟ್ಟಿತ್ತು. ನಮ್ಮಲ್ಲಿ ಕೊಟ್ಟಿಗೆಯಲ್ಲಿ ಜಾರಿದವರ ಲೆಕ್ಕ ಯಾರೂ ಇಟ್ಟ ಹಾಗಿಲ್ಲ. ಅಪ್ಪಯ್ಯ ಎರಡು ಸಲ ಜಾರಿದ್ದಾರೆ. ಎರಡನೇ ಸಲ ಆದ ಮೇಲೆ ಕಲ್ಲು ಹಾಸಿನ ಮೇಲೆ ದನಗಳಿಗೇ ಮಾಡಿದ ರಬ್ಬರ್ ಮ್ಯಾಟ್ ತಂದು ಹಾಕಿದೆವು. ಕಾಳಿ ನಾಲ್ಕು ದಿನ ಅದರ ಮೇಲೆ ಕಾಲಿಡಲಿಲ್ಲ.

ದೊಡ್ಡ ಜಗಳ ಆಗಿದ್ದು ಚಪ್ಪಲಿಗೆ. ಅಪ್ಪಯ್ಯ ಜನ್ಮದಲ್ಲಿ ಚಪ್ಪಲಿ ಹಾಕಿಕೊಂಡು ಕೊಟ್ಟಿಗೆಗೆ ಹೋದವರಲ್ಲ. ಶುಗರ್ ಹಳೆಯದಾದರೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗುತ್ತದೆ. ಕಲ್ಲು ಚುಚ್ಚಿದರೂ ಗೊತ್ತಾಗುವುದಿಲ್ಲ. ಒಂದು ದಿನ ಹೆಬ್ಬೆರಳ ಕೆಳಗೆ ಬಿದಿರಿನ ಸಿಬಿರು ಹೋಗಿ, ಅದು ಒಳಗೇ ಇದ್ದು, ಮೂರು ದಿನಕ್ಕೆ ಕೀವಾಗಿ, ವಾಸನೆ ಬಂದಾಗ ಅಮ್ಮ ನೋಡಿದಳು. ಸಗಣಿ ಗಂಜಲದಲ್ಲಿ ಓಡಾಡುವ ಕಾಲು. ಹನ್ನೊಂದು ದಿನ ಡ್ರೆಸಿಂಗ್ ಆಯಿತು. ಬೆರಳು ಹೋಗಬಹುದಿತ್ತು. ಆ ಹನ್ನೊಂದು ದಿನ ಅಣ್ಣ ಮತ್ತೆ ದನ ಮಾರುವ ಮಾತು ತೆಗೆದ. ಡಾಕ್ಟರೇ ನಡುವೆ ಬಂದು, "ದನ ಇರ್ಲಿ, ಗಂಬೂಟು ಹಾಕಲಿ" ಅಂದರು. ದಿನಾ ರಾತ್ರಿ ಪಾದದ ಅಡಿಯನ್ನು ಕನ್ನಡಿ ಹಿಡಿದು ನೋಡಿಕೊಳ್ಳಬೇಕು ಅಂತಲೂ ಹೇಳಿದರು. ಈಗ ಅಪ್ಪಯ್ಯ ಕಪ್ಪು ಗಂಬೂಟು ಹಾಕುತ್ತಾರೆ. ಬಲಗಾಲು ಎಳೆಯುವುದರಿಂದ ಅದರ ಸದ್ದು ಒಂಥರಾ: ಟಪ್, ಸರ್ರ್. ಟಪ್, ಸರ್ರ್. ಮೊದಲ ವಾರ ಆ ಸದ್ದಿಗೆ ಕಾಳಿ ಹಗ್ಗ ಜಗ್ಗುತ್ತಿತ್ತು. ಈಗ ಅದೇ ಸದ್ದು ಕೇಳಿದರೆ ಕೂಗು ನಿಲ್ಲಿಸುತ್ತದೆ.

ಉಣುಗಿನ ವಿಷಯ ಇನ್ನೂ ಗಂಭೀರ. ನಮ್ಮದು ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಸೀಮೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗಲೇ ಈ ಕಾಯಿಲೆ ಗುರುತಿಗೆ ಬಂದದ್ದು. ಮಂಗ ಸತ್ತರೆ ಹುಷಾರಾಗಬೇಕು ಅನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. ದನಕ್ಕೆ ಆ ಕಾಯಿಲೆ ಅಷ್ಟಾಗಿ ಏನೂ ಮಾಡುವುದಿಲ್ಲ. ಆದರೆ ಕಾಡಿಗೆ ಮೇಯಲು ಹೋದ ದನದ ಮೈಮೇಲೆ ಉಣುಗು ಚೆನ್ನಾಗಿ ಬೆಳೆಯುತ್ತದೆ, ಅದರ ಜೊತೆಗೇ ಮನೆಗೂ ಬರುತ್ತದೆ. ಅದಕ್ಕೇ ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ಕಾಳಿಯನ್ನು ಕಾಡಿಗೆ ಬಿಡುವುದಿಲ್ಲ. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಬಾಟಲಿ ಜಗಲಿಯಲ್ಲೇ ಇದೆ. ಹಾಲು ಕಾಯಿಸದೆ ಯಾರೂ ಕುಡಿಯುವುದಿಲ್ಲ. ನೊರೆಹಾಲಿನ ರುಚಿಯ ಬಗ್ಗೆ ಕವನ ಬರೆಯುವವರಿಗೆ ಹಸಿ ಹಾಲಿನಿಂದ ಬರುವ ಬ್ರುಸೆಲ್ಲೋಸಿಸ್ ಜ್ವರ ಒಂದು ಸಲ ಬಂದು ಹೋಗಬೇಕು ಅಂತ ಅಮ್ಮ ಹೇಳುತ್ತಾಳೆ. ಅವಳ ತಮ್ಮನಿಗೆ ಬಂದಿತ್ತು. ತಿಂಗಳುಗಟ್ಟಲೆ ಸಂಜೆ ಜ್ವರ, ಬೆವರು, ಸೊಂಟನೋವು.

ಈಗ ಅಮ್ಮ. ಕಾಳಿ ಬಂದು ತಿಂಗಳಾದಾಗ ಅವಳು ನನಗೆ ಒಂದು ಮಾತು ಹೇಳಿದಳು. "ನಿಮ್ಮಪ್ಪಯ್ಯಂಗೆ ದನ ಬೇಕು, ನಂಗೂ ಗೊತ್ತು. ಆದ್ರೆ ಹಾಲು ಕರೆಯೋದು ಅರ್ಧ ಗಂಟೆ. ಉಳಿದ ಇಪ್ಪತ್ಮೂರೂವರೆ ಗಂಟೆ ಆ ದನ ಯಾರ್ದು?"

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಸಗಣಿ ಬಾಚುವುದು. ದರಕು, ಅಂದರೆ ಒಣಗಿದ ಎಲೆ, ತಂದು ಹಾಸುವುದು. ಅಕ್ಕಚ್ಚು ಕಾಯಿಸುವುದು. ಹುಲ್ಲು ಕೊಯ್ಯುವುದು. ಅಡಿಕೆ ಹಾಳೆ ಕತ್ತರಿಸುವುದು. ಕರುವಿಗೆ ಬೇಧಿಯಾದರೆ ಮದ್ದು ಅರೆಯುವುದು. ಚಿಕ್ಕಂದಿನಿಂದ ನಾನು ಇದನ್ನೆಲ್ಲ ನೋಡಿದ್ದೇನೆ. ಆದರೂ ನನ್ನ ತಲೆಯಲ್ಲಿ ದನ ಅಂದರೆ ಅಪ್ಪಯ್ಯನ ದನ. ಅಪ್ಪಯ್ಯನ ಆರೋಗ್ಯಕ್ಕೆ ಅಮ್ಮನ ಸೊಂಟ ಅಡವಿಟ್ಟ ಹಾಗಾಗಿತ್ತು. ಅಧ್ಯಯನಗಳಲ್ಲಿ ಪ್ರಾಣಿ ಸಾಕಿದವರು ಅಂತ ಒಂದು ಕಾಲಂ ಇರುತ್ತದೆ. ಆ ಪ್ರಾಣಿಯ ಕಕ್ಕ ಬಾಚಿದವರು ಯಾರು ಅಂತ ಇನ್ನೊಂದು ಕಾಲಂ ಬೇಕು ಅಂತ ಆವತ್ತಿನಿಂದ ನನಗೆ ಅನಿಸಿದೆ.

ಅಮ್ಮನದು ಮೂರು ಷರತ್ತು. ಒಂದೇ ದನ, ಎರಡನೆಯದು ಬರಕೂಡದು. ಸಗಣಿ, ದರಕಿಗೆ ದಿನಾ ಒಬ್ಬರು ಬರಬೇಕು, ಸಂಬಳ ಮಕ್ಕಳದ್ದು. ಅಕ್ಕಚ್ಚು ಅಪ್ಪಯ್ಯನೇ ಕಾಯಿಸಬೇಕು. ಮೂರನೆಯದಕ್ಕೆ ಅಪ್ಪಯ್ಯ ಸ್ವಲ್ಪ ಗೊಣಗಿದರು. ನಲವತ್ತೈದು ವರ್ಷದ ಸಂಸಾರದಲ್ಲಿ ಅವರು ಒಲೆ ಮುಂದೆ ನಿಂತದ್ದು ದನಕ್ಕೋಸ್ಕರ ಅಂತ ಅಮ್ಮ ಈಗ ನೆಂಟರಿಗೆಲ್ಲ ಹೇಳಿ ನಗುತ್ತಾಳೆ. ಆಳಿನ ಸಂಬಳ, ಹಿಂಡಿ, ಬೂಸಾ, ಮ್ಯಾಟು, ಗಂಬೂಟು ಎಲ್ಲ ಸೇರಿಸಿದರೆ ನಮ್ಮ ಹಾಲು ಲೀಟರಿಗೆ ಎಷ್ಟು ಬೀಳುತ್ತದೆ ಅಂತ ಅಣ್ಣ ಎಕ್ಸೆಲ್ ಹಾಕಿದ್ದ. ಆ ಫೈಲ್ ಅವನೇ ಡಿಲೀಟ್ ಮಾಡಿದ.

2023ರ ಫೆಬ್ರವರಿಯಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಹದಿನಾಲ್ಕನೇ ತಾರೀಖು ಎಲ್ಲರೂ ದನವನ್ನು ತಬ್ಬಿಕೊಳ್ಳಿ ಅಂತ ಕರೆ ಕೊಟ್ಟು, ಕೆಲವೇ ದಿನದಲ್ಲಿ ಅದನ್ನು ವಾಪಸ್ ತೆಗೆದುಕೊಂಡಿತ್ತು. ನೆನಪಿದೆಯಾ? ನೆದರ್ಲೆಂಡ್ಸ್‌ನಲ್ಲಂತೂ ದನಕ್ಕೆ ಒರಗಿ ಕೂರಲು ಜನ ದುಡ್ಡು ಕೊಟ್ಟು ಹೋಗುತ್ತಾರೆ. ದನದ ಮೈ ನಮಗಿಂತ ಒಂದೂವರೆ ಡಿಗ್ರಿ ಬಿಸಿ, ಹಿತವಾಗುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಗುರುತಿಲ್ಲದವರು ಕಾಳಿಯನ್ನು ತಬ್ಬಲು ಬಂದರೆ ಆರೋಗ್ಯ ಸುಧಾರಿಸುವ ಸಂಭವ ಕಡಿಮೆ. ತಬ್ಬುವ ಬದಲು ಗಂಗೆದೊಗಲು ಕೆರೆಯಬೇಕು. ಕುತ್ತಿಗೆಯ ಕೆಳಗೆ ಜೋಲುವ ಆ ಚರ್ಮವನ್ನು ಮೇಲಿನಿಂದ ಕೆಳಗೆ ಸವರಿದರೆ ದನ ಕುತ್ತಿಗೆ ಉದ್ದ ಮಾಡಿ ಕಣ್ಣು ಅರೆಮುಚ್ಚುತ್ತದೆ. ದೀಪಾವಳಿ ಗೋಪೂಜೆಯ ದಿನ ನನ್ನ ಮಗಳು ಶೇಡಿ ಅನ್ನುವ ಬಿಳಿ ಮಣ್ಣು, ಕೆಮ್ಮಣ್ಣಿನಲ್ಲಿ ಲೋಟ ಅದ್ದಿ ಕಾಳಿಯ ಮೈಮೇಲೆಲ್ಲ ಉಂಗುರ ಒತ್ತಿದಳು. ಅಷ್ಟು ಹೊತ್ತೂ ಅಪ್ಪಯ್ಯ ಗಂಗೆದೊಗಲು ಸವರುತ್ತಾ ನಿಂತಿದ್ದರು. ಕಾಳಿ ಒಮ್ಮೆಯೂ ಕಾಲೆತ್ತಲಿಲ್ಲ.

ಮಗಳಿಗೆ ವೀಜಿಂಗ್ ಇದೆ. ಇನ್‌ಹೇಲರ್ ಬ್ಯಾಗಲ್ಲೇ ಇರುತ್ತದೆ. ಅವಳನ್ನು ಕೊಟ್ಟಿಗೆಗೆ ಬಿಡುವುದೋ ಬೇಡವೋ ಅಂತ ನಮ್ಮ ಮನೆಯಲ್ಲಿ ಪ್ರತಿ ರಜೆಗೂ ಚರ್ಚೆ. ಅಮೆರಿಕದ ಆಮಿಷ್ ಮತ್ತು ಹಟರೈಟ್ ಅನ್ನುವ ಎರಡು ಕೃಷಿಕ ಸಮುದಾಯಗಳ ಮಕ್ಕಳ ಬಗ್ಗೆ 2016ರಲ್ಲಿ ಒಂದು ಅಧ್ಯಯನ ಬಂದಿತ್ತು. ಎರಡೂ ಯುರೋಪಿನ ಒಂದೇ ಸೀಮೆಯಿಂದ ಬಂದವರು. ಊಟ, ಜೀವನಕ್ರಮ ಎಲ್ಲ ಹತ್ತಿರ ಹತ್ತಿರ. ಆಮಿಷ್ ಜನ ಮನೆಗೆ ತಾಗಿದ ಕೊಟ್ಟಿಗೆಯಲ್ಲಿ ದನ ಸಾಕುತ್ತಾರೆ, ಕುದುರೆಯಲ್ಲಿ ಉಳುತ್ತಾರೆ. ಹಟರೈಟ್ ಜನರದ್ದು ಮನೆಯಿಂದ ದೂರದ ದೊಡ್ಡ ಯಂತ್ರದ ಫಾರ್ಮು. ಆಮಿಷ್ ಮಕ್ಕಳಲ್ಲಿ ಅಸ್ತಮಾ ನೂರಕ್ಕೆ 5, ಹಟರೈಟ್ ಮಕ್ಕಳಲ್ಲಿ 21. ಆಮಿಷ್ ಮನೆಯ ಧೂಳನ್ನು ಇಲಿಗಳಿಗೆ ಮೂಸಿಸಿದರೆ ಅವಕ್ಕೂ ರಕ್ಷಣೆ ಸಿಕ್ಕಿತು. ಇದನ್ನು ನಾನು ಉತ್ಸಾಹದಿಂದ ಮಕ್ಕಳ ಡಾಕ್ಟರಿಗೆ ಹೇಳಿದೆ. ಅವರು ಪೂರ್ತಿ ಕೇಳಿದರು. "ಅದು ಹುಟ್ಟಿದಾಗಿನಿಂದ ಅಲ್ಲೇ ಬೆಳೆದ ಮಕ್ಕಳ ಕತೆ. ಈಗಾಗಲೇ ವೀಜಿಂಗ್ ಬಂದಿರೋ ಮಗುವಿಗೆ ವರ್ಷಕ್ಕೆ ಎರಡು ಸಲ ಹುಲ್ಲಿನ ಧೂಳು ಕುಡಿಸೋದು ಔಷಧಿ ಆಗಲ್ಲ" ಅಂದರು. ಸರಿ ಅನಿಸಿತು. ಈಗ ಅವಳು ಕೊಟ್ಟಿಗೆಗೆ ಹೋಗುತ್ತಾಳೆ, ಒಣಹುಲ್ಲು ಕೊಡವುವಾಗ ಮಾತ್ರ ಹೊರಗೆ ನಿಲ್ಲುತ್ತಾಳೆ.

ಅಪ್ಪಯ್ಯನ ಫೋನ್ 'ಊಟ ಆಯ್ತು' ಅನ್ನುವುದಕ್ಕೆ ನಿಲ್ಲುವುದಿಲ್ಲ ಈಗ. ಕಾಳಿ ಬೆದೆಗೆ ಬಂದದ್ದು, ಇನ್ಸೆಮಿನೇಷನ್ ಮಾಡುವವರು ಎರಡು ದಿನ ತಡ ಮಾಡಿದ್ದು, ಗಿಡ್ಡ ತಳಿಯ ಸೆಮೆನ್ ಸಿಗದೆ ಕೊನೆಗೆ ಯಾರದೋ ಮನೆಯ ಹೋರಿ ಹುಡುಕಿದ್ದು, ಎಲ್ಲ ಹೇಳುತ್ತಾರೆ. ಹಿಂದೆ ಇಪ್ಪತ್ತು ಸೆಕೆಂಡ್ ಆಗುತ್ತಿದ್ದ ಮಾತು ಈಗ ಹನ್ನೆರಡು ನಿಮಿಷ. ಅದರಲ್ಲಿ ನನ್ನ ಬಗ್ಗೆ ಒಂದು ಪ್ರಶ್ನೆಯೂ ಇರುವುದಿಲ್ಲ. ಹಳದಿ ಚೆಂಡು ಕರುವಿನ ಆಟದ ಸಾಮಾನಾಗಿದೆ.

ಹೋದ ತಿಂಗಳು ಊರಿಗೆ ಹೋದಾಗ ಅಪ್ಪಯ್ಯನಿಗೆ ಜ್ವರ. ಸುಮ್ನೆ ಶೀತದ ಜ್ವರ, ಆದರೂ ಮೈ ಬಿಸಿ ಇತ್ತು. ಬೆಳಗಿನ ಜಾವ ಕಾಳಿ ಕೂಗಿತು. ನಾನು ಹೋಗುತ್ತೇನೆ ಮಲಗಿ ಅಂದೆ. ಅವರ ಗಂಬೂಟು ಹಾಕಿಕೊಂಡು, ಬೇಕೆಂದೇ ಬಲಗಾಲು ಸ್ವಲ್ಪ ಎಳೆದುಕೊಂಡು ಹೋದೆ. ಟಪ್, ಸರ್ರ್. ಕೂಗು ನಿಂತಿತು. ಒಳಗೆ ಕಾಲಿಟ್ಟಾಗ ಕಾಳಿ ತಿರುಗಿ ನನ್ನನ್ನು ನೋಡಿತು. ಗಂಬೂಟು ನೋಡಿತು. ಮತ್ತೆ ನನ್ನ ಮುಖ ನೋಡಿತು. ಕರು ಬಿಟ್ಟು ಕಟ್ಟಿದೆ. ಕೆಚ್ಚಲು ತೊಳೆದೆ. ಹರಳೆಣ್ಣೆ ಸವರಿದೆ. ಎಲ್ಲ ಅವರ ಹಾಗೆಯೇ. "ಹೂಂ, ಆಯ್ತಾಯ್ತು" ಅಂತಲೂ ಅಂದೆ. ಒಂದು ಹನಿ ಇಳಿಯಲಿಲ್ಲ. ಕೆಚ್ಚಲು ಕಲ್ಲಿನ ಹಾಗೆ. ಹತ್ತು ನಿಮಿಷ ಆಗಿರಬೇಕು.

ಹಿಂದೆ ಬರಿಗಾಲ ಸದ್ದು. ಅಪ್ಪಯ್ಯ ತಲೆಗೆ ಮಫ್ಲರ್ ಸುತ್ತಿ, ಕಂಬಳಿ ಹೊದ್ದು ಬಾಗಿಲಲ್ಲಿ ನಿಂತಿದ್ದರು. ಅವರ ಗಂಬೂಟು ನನ್ನ ಕಾಲಲ್ಲಿತ್ತಲ್ಲ. ಬೈಯಬೇಕು ಅನ್ನುವಷ್ಟರಲ್ಲಿ ಮ್ಯಾಟ್ ಮೇಲೆ ಬಂದು, ಕಾಳಿಯ ಬೆನ್ನ ಮೇಲೆ ಬಲಗೈ ಇಟ್ಟರು. ಈ ಸಲ ಎಡಗೈಯ ಸಹಾಯ ಇರಲಿಲ್ಲ.

"ಹೂಂ" ಅಂದರು, ಅದಕ್ಕೋ ನನಗೋ. "ಈಗ ಕರಿ."